ಒಣಗಿದ ಹೂವು, ಉಳಿಯಬೇಕಾದ ಹೆಸರು

ಹೂವಿನ ಆಯುಷ್ಯ ಅಲ್ಪವೆಂಬುದನ್ನು ಕವಿಗಳೆಲ್ಲರೂ ಒಪ್ಪಿದ್ದಾರೆ. ಆ ಅಲ್ಪವನ್ನು ಕೊಂಚ ಹಿಗ್ಗಿಸಬೇಕೆಂಬ ಹಂಬಲವೂ ಮನುಷ್ಯನಿಗೆ ಹೊಸದಲ್ಲ. ನಮ್ಮ ಹಿರಿಯರು ಪುಸ್ತಕದ ಹಾಳೆಗಳ ನಡುವೆ ಕೇದಿಗೆಯ ಗರಿಯನ್ನಿಟ್ಟು ಅದರ ಪರಿಮಳವನ್ನು ಕಾಯುತ್ತಿದ್ದರು. ದಸರೆಯಲ್ಲಿ ಬಂಗಾರವೆಂದು ಪಡೆದ ಬನ್ನಿಯ ಎಲೆ ಮಕ್ಕಳ ಪಠ್ಯಪುಸ್ತಕದಲ್ಲಿ ತಿಂಗಳುಗಟ್ಟಲೆ ಮಲಗಿರುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಇಟಲಿಯ ಲೂಕಾ ಗೀನಿ ಎಂಬ ಪಂಡಿತನು ಸಸ್ಯಗಳನ್ನು ಒತ್ತಿ, ಒಣಗಿಸಿ, ಕಾಗದಕ್ಕೆ ಅಂಟಿಸಿ ಇಡುವ ಕ್ರಮವನ್ನು ಬಳಕೆಗೆ ತಂದನು. ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಎಳೆಯ ಪ್ರಾಯದಲ್ಲಿಯೇ ಕೂಡಿಸಿದ ೪೨೪ ಒಣಸಸ್ಯಗಳ ಪುಸ್ತಕ ಇಂದಿಗೂ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದೆ.

ಪುಸ್ತಕದ ಭಾರದಡಿ ವಾರಗಳು ಹಿಡಿಯುತ್ತಿದ್ದ ಈ ಕೆಲಸವನ್ನು ಇಂದು ಅಡಿಗೆಮನೆಯ ಮೈಕ್ರೋವೇವ್ ಒಲೆ ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ೧೯೪೫ರಲ್ಲಿ ಪರ್ಸಿ ಸ್ಪೆನ್ಸರ್ ಎಂಬ ಅಮೆರಿಕದ ತಂತ್ರಜ್ಞನು ರಾಡಾರಿನ ಅಲೆಗಳಿಂದ ಆಹಾರ ಬೇಯಿಸುವ ಈ ಉಪಾಯಕ್ಕೆ ಹಕ್ಕುಪತ್ರ ಕೋರಿದನು. ಸೆಕೆಂಡಿಗೆ ಸುಮಾರು ೨೪೫ ಕೋಟಿ ಬಾರಿ ಕಂಪಿಸುವ ಆ ಅಲೆಗಳು ನೀರಿನ ಕಣಗಳನ್ನು ಅಲ್ಲಾಡಿಸಿ ಕಾಯಿಸುತ್ತವೆ. ಹೂವಿನಲ್ಲಿರುವುದು ಬಹುಪಾಲು ನೀರೇ ಅಲ್ಲವೆ? ಅದು ಆವಿಯಾಗಿ ಹೊರಟುಹೋಗುತ್ತದೆ. ನಿಧಾನವಾಗಿ ಒಣಗುವ ಎಸಳು ತನ್ನೊಳಗಿನ ಕಿಣ್ವಗಳಿಂದಲೇ ಕಂದುಬಣ್ಣಕ್ಕೆ ತಿರುಗುತ್ತದೆ; ಬೇಗ ಒಣಗಿದರೆ ಕಿಣ್ವಕ್ಕೆ ಆ ಸಮಯ ದೊರೆಯದು, ಬಣ್ಣವೂ ಹೆಚ್ಚು ಉಳಿಯುತ್ತದೆ.

ವಿಧಾನ ಸುಲಭವಾದುದು. ಹೊಳಪು ಲೇಪವಿಲ್ಲದ ಎರಡು ಮಣ್ಣಿನ ಬಿಲ್ಲೆಗಳ ನಡುವೆ, ಅಚ್ಚಾಗದ ಬಿಳಿಯ ಹೀರುಕಾಗದದಲ್ಲಿ ಹೂವನ್ನು ಹರಡಿ, ದಾರದಿಂದ ಬಿಗಿಯಬೇಕು. ಕಡಿಮೆ ಶಾಖದಲ್ಲಿ ಅರ್ಧ ನಿಮಿಷವಿಟ್ಟು, ಹೊರತೆಗೆದು ಬಿಚ್ಚಿ, ಆವಿ ಹೋಗಗೊಟ್ಟು, ಆರಿದ ಮೇಲೆ ಮತ್ತೆ ಇಡಬೇಕು. ಎಸಳು ಕಾಗದದಂತೆ ಗರಿಗರಿಯಾದೊಡನೆ ನಿಲ್ಲಿಸಿ, ಒಂದು ದಿನ ಭಾರವಾದ ಪುಸ್ತಕದಡಿ ಇಟ್ಟರಾಯಿತು. ಲೋಹದ ತಂತಿಯಾಗಲಿ ಗುಂಡುಸೂಜಿಯಾಗಲಿ ಒಳಗೆ ಸೇರಕೂಡದು. ಕಾಗದ ಹೊತ್ತೀತು, ಆದ್ದರಿಂದ ಒಲೆಯ ಬಳಿಯಿಂದ ಕದಲಕೂಡದು. ಬಿಲ್ಲೆ ಸುಡುತ್ತದೆ, ಬಟ್ಟೆಯಿಂದ ಹಿಡಿಯಬೇಕು.

ರೋಣ ಸೀಮೆಯ ಯಾವಗಲ್ಲಿನ ಎರಿಹೊಲಗಳಲ್ಲಿ ಹಿಂಗಾರಿಯ ದಿನಗಳಲ್ಲಿ ನಡೆದರೆ ಈ ವಿದ್ಯೆಗೆ ಒಳ್ಳೆಯ ಪರೀಕ್ಷೆಗಳು ದೊರೆಯುತ್ತವೆ. ಅಗಸಿಯ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಎಸಳುದುರಿಸುತ್ತದೆ. ಬಿಸಿಲೇರುವ ಮುನ್ನ, ಇಬ್ಬನಿ ಆರಿದೊಡನೆ ಅದನ್ನು ತರಬೇಕು. ಕುಸುಬಿಯದು ಮುಳ್ಳಿನ ದಪ್ಪ ತಲೆ. ಇಡಿಯಾಗಿ ಒತ್ತಿದರೆ ಒಳಗಿನ ತೇವ ಹೋಗದು, ಕೇಸರಿ ಎಳೆಗಳನ್ನು ಬಿಡಿಸಿಯೇ ಇಡಬೇಕು. ಕಡಲೆಯ ಪುಟ್ಟ ಹೂವಿಗೆ ಕ್ಷಣಗಳೇ ಸಾಕು. ಹಳದಿ ಬಣ್ಣಗಳು ಸಾಮಾನ್ಯವಾಗಿ ನಿಲ್ಲುತ್ತವೆ. ನೀಲಿ, ಕೆಂಪುಗಳು ತೇವಕ್ಕೂ ಬೆಳಕಿಗೂ ಬೇಗ ಸೋಲುತ್ತವೆ.

ನಾನು ಕನ್ನಡ ಕಲಿಸುವವನು. ಪಂಪನು ಬನವಾಸಿಯನ್ನು ನೆನೆದಾಗ ಜಾಜಿ, ಸಂಪಗೆಗಳನ್ನು ಹೆಸರು ಹಿಡಿದೇ ನೆನೆದನು. ಆ ಪದ್ಯವನ್ನು ಪಾಠ ಹೇಳುವಾಗ, ತಮ್ಮ ಹೊಲದ ಹತ್ತು ಹೂಗಳ ಹೆಸರನ್ನು ಬರೆಯಿರೆಂದರೆ ರೈತರ ಮಕ್ಕಳೇ ತಡವರಿಸುವುದನ್ನು ಕಂಡಿದ್ದೇನೆ. ಯಾವಗಲ್ಲಿನ ವಿದ್ಯಾರ್ಥಿನಿಯೊಬ್ಬಳು ಹೀಗೆ ಒಣಗಿಸಿದ ಹೂಗಳ ಪುಸ್ತಕವೊಂದನ್ನು ತಂದು ತೋರಿಸಿದಳು. ಬಣ್ಣ ಮಾಸದ ಚೆಲುವಾದ ಹಾಳೆಗಳು. ಒಂದರ ಕೆಳಗೆ ಬರೆದುದು ಮಾತ್ರ “ನೀಲಿ ಹೂ” ಎಂದು. ಮನೆಯಲ್ಲಿ ಕೇಳಿ ಬಾ ಎಂದೆ. ಅವಳ ಅಜ್ಜಿ ಹಾಳೆಯನ್ನು ನೋಡಿ, “ವಿಷ್ಣುಕಾಂತಿ ಅಲ್ಲೇನವ್ವ ಇದು? ಬದುವಿನ ಮ್ಯಾಲೆ ಬೇಕಾದಷ್ಟು ಐತಿ” ಎಂದರಂತೆ. ಮರುದಿನ ಆ ಹಾಳೆಯಲ್ಲಿ ಹೆಸರು, ಹೊಲ, ತಾರೀಖು ಮೂರೂ ಇದ್ದವು.

ಶಾಸ್ತ್ರಜ್ಞರ ಸಸ್ಯಸಂಗ್ರಹಕ್ಕೂ ಈ ಮೂರೇ ಆಧಾರ. ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕೋಲ್ಸನ್ ೧೯೭೬ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥದ ಹಿಂದೆ ಇಂಥ ಒಣಗಿದ ಮಾದರಿಗಳ ರಾಶಿಯೇ ಇದೆ. ಮೈಕ್ರೋವೇವಿನ ಶಾಖ ಬೀಜದ ಮೊಳೆಯುವ ಶಕ್ತಿಯನ್ನು ಕೊಲ್ಲುತ್ತದೆ, ಸಸ್ಯದ ಡಿಎನ್‌ಎಯನ್ನೂ ಕೆಡಿಸುತ್ತದೆ. ಆದುದರಿಂದ ಸಂಶೋಧನೆಗೆ ಹಳೆಯ ನಿಧಾನದ ಕ್ರಮವೇ ಲೇಸು. ಮನೆಯ ಪುಸ್ತಕಕ್ಕೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಭಯವಿದ್ದಾಗ, ಹೊಸ ಒಲೆ ಒಳ್ಳೆಯ ನೆರವು.

ಕುಸುಬಿಯ ಬಿತ್ತನೆ ಕಡಿಮೆಯಾಗಿದೆ. ಬದುವಿನ ಮೇಲಿನದನ್ನೆಲ್ಲ ‘ಕಸ’ವೆಂದು ಕೀಳುತ್ತಿದ್ದೇವೆ. ಹೂವು ಬರುವ ವರ್ಷ ಮತ್ತೆ ಅರಳೀತು. ಹೆಸರನ್ನು ಬಲ್ಲ ಅಜ್ಜಿ ಹೊರಟುಹೋದರೆ ಆ ಹೆಸರು ಮರಳಿ ಅರಳದು. ಹೂವನ್ನು ಒಣಗಿಸಲು ಎರಡು ನಿಮಿಷ ಸಾಕಾಗುವ ಈ ಕಾಲದಲ್ಲಿ, ಉಳಿದ ಹೊತ್ತನ್ನು ಅವರ ಬಳಿ ಕುಳಿತು ಕೇಳುವುದಕ್ಕೆ ಕಳೆಯುವುದು ಲೇಸೆಂದು ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿನಂತಿ.