ಸಣ್ಣ ಕಚೇರಿಯ ಇಂಟರ್‌ನೆಟ್ ಮೇಲೆ ಕಣ್ಣು: ಯಜಮಾನನಿಗೆ ಏನು ಕಾಣುತ್ತದೆ, ಎಷ್ಟು ನೋಡಬಹುದು?

ಕಾಸರಗೋಡು: ಮಂಜೇಶ್ವರ, ಉಪ್ಪಳ, ಕುಂಬಳೆ ಪೇಟೆಗಳಲ್ಲಿ, ಒಳನಾಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳಲ್ಲಿ ಮೂರು ನಾಲ್ಕು ಮಂದಿ ಕೆಲಸ ಮಾಡುವ ಸಣ್ಣ ಕಚೇರಿಗಳಿಗೆ ಲೆಕ್ಕವಿಲ್ಲ. ಅಕ್ಷಯ ಕೇಂದ್ರ, ಜಿಎಸ್‌ಟಿ ಲೆಕ್ಕ ಬರೆಯುವವರ ಕಚೇರಿ, ದಸ್ತಾವೇಜು ಬರೆಯುವವರ ಕೋಣೆ, ವಿಮಾ ಏಜೆಂಟರು, ಟ್ರಾವೆಲ್ಸ್, ಅಡಿಕೆ ಖರೀದಿ ಅಂಗಡಿ ಹೀಗೆ. ಇವೆಲ್ಲದರಲ್ಲೂ ಒಂದು ಇಂಟರ್‌ನೆಟ್ ಸಂಪರ್ಕ, ಮೂಲೆಯಲ್ಲಿ ಹಸಿರು ದೀಪ ಮಿನುಗಿಸುವ ಒಂದು ರೂಟರ್, ಕಂಪ್ಯೂಟರ್ ಮುಂದೆ ಕನ್ನಡವೂ ಮಲಯಾಳವೂ ಬಲ್ಲ ಹುಡುಗ ಹುಡುಗಿಯರು. ಕನ್ನಡಿಗರ ಅರ್ಜಿಯನ್ನು ಮಲಯಾಳದಲ್ಲಿ ತುಂಬಿಸಿ ಕೊಡುವವರು ಇವರೇ ಆದ್ದರಿಂದ ಊರಿನ ಅರ್ಧದಷ್ಟು ಜನರ ಆಧಾರ್, ಪಾಸ್‌ಬುಕ್, ಭೂಕಂದಾಯದ ರಶೀದಿ ಇವರ ಕೈಯಿಂದಲೇ ಹಾದು ಹೋಗುತ್ತದೆ.

ಕೆಲಸದ ಹೊತ್ತಿನಲ್ಲಿ ಇವರು ಇಂಟರ್‌ನೆಟ್‌ನಲ್ಲಿ ಏನು ನೋಡುತ್ತಾರೆ ಎಂದು ಯಜಮಾನನಿಗೆ ತಿಳಿಯಬೇಕೆನಿಸುವುದು ಸಹಜ. ಅದನ್ನು ತಿಳಿದುಕೊಳ್ಳುವ ದಾರಿಗಳೂ ಇವೆ. ಆದರೆ ಯಾವ ದಾರಿಯಿಂದ ಎಷ್ಟು ತಿಳಿಯುತ್ತದೆ, ಯಾವುದು ಕಾನೂನಿನ ಗೆರೆ ದಾಟುತ್ತದೆ ಎಂಬುದರಲ್ಲಿ ಯಜಮಾನರಿಗೂ ಕೆಲಸದವರಿಗೂ ಗೊಂದಲವಿದೆ.

ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾವನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಕೊಡಲಾರಂಭಿಸಿದ ಕಾಲದಲ್ಲಿ ಚಿಂತೆ ಬೇರೆಯೇ ಆಗಿತ್ತು. ತಿಂಗಳಿಗೆ ಇಂತಿಷ್ಟು ಎಂಬಿ ಎಂಬ ಮಿತಿ, ಅದು ದಾಟಿದರೆ ಬಿಲ್ಲು ಏರುತ್ತಿತ್ತು. ಯಾರೋ ಒಬ್ಬ ಸಿನಿಮಾ ಹಾಡು ಇಳಿಸಿಕೊಂಡರೆ ತಿಂಗಳ ಕೊನೆಗೆ ಜಗಳ ಖಚಿತ. ಫೈಬರ್ ಬಂದ ಮೇಲೆ ಆ ಜಗಳ ಬಹುತೇಕ ಮುಗಿದಿದೆ. ಉಳಿದಿರುವುದು ಮೂರು ಭಯ: ಕೆಲಸದ ಹೊತ್ತು ಪೋಲಾಗುವುದು, ವೈರಸ್ ಬಂದು ಕಡತಗಳು ಲಾಕ್ ಆಗುವುದು, ಕಚೇರಿಯ ಸಂಪರ್ಕ ಬಳಸಿ ಯಾರಾದರೂ ವಂಚನೆ ಮಾಡಿದರೆ ಪೊಲೀಸರು ಬಾಗಿಲು ತಟ್ಟುವುದು. ಕೊನೆಯದು ಸುಮ್ಮನೆ ಹುಟ್ಟಿದ ಭಯವಲ್ಲ. ತನಿಖೆ ನಡೆಸುವವರಿಗೆ ಮೊದಲು ಸಿಗುವುದು ಐಪಿ ವಿಳಾಸ. ಅದರಿಂದ ಸಂಪರ್ಕ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆಯೇ ಹೊರತು ಆ ಹೊತ್ತಿಗೆ ಕೀಲಿಮಣೆಯ ಮುಂದೆ ಯಾರು ಕುಳಿತಿದ್ದರು ಎಂದು ತಿಳಿಯುವುದಿಲ್ಲ. ಉತ್ತರ ಕೊಡಬೇಕಾದವರು ಬಿಲ್ಲಿನಲ್ಲಿ ಹೆಸರಿರುವವರೇ.

ರೂಟರ್‌ಗೆ ಏನು ಕಾಣುತ್ತದೆ? ಹಳೆಯ ಅಂಚೆಯ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹಿಂದಿನ ಜಾಲತಾಣಗಳು ಅಂಚೆ ಕಾರ್ಡಿನಂತೆ. ವಿಳಾಸವೂ ಒಳಗಿನ ಮಾತೂ ದಾರಿಯಲ್ಲಿ ಕೈಗೆ ಸಿಕ್ಕಿದವರಿಗೆಲ್ಲ ಓದಲು ಸಿಗುತ್ತಿತ್ತು. ಈಗಿನ ಹೆಚ್ಚಿನ ತಾಣಗಳು ಎಚ್‌ಟಿಟಿಪಿಎಸ್ ಎಂಬ ರಕ್ಷಿತ ವ್ಯವಸ್ಥೆಯಲ್ಲಿ ನಡೆಯುತ್ತವೆ, ಅಂದರೆ ಅಂಟಿಸಿ ಮುಚ್ಚಿದ ಇನ್‌ಲ್ಯಾಂಡ್ ಲೆಟರ್. ಜಿಮೇಲ್ 2010ರಲ್ಲಿ ಎಲ್ಲರಿಗೂ ಈ ವ್ಯವಸ್ಥೆ ಮಾಡಿತು. ವಾಟ್ಸಾಪ್ 2016ರಲ್ಲಿ ಕಳುಹಿಸಿದವರಿಗೂ ಪಡೆದವರಿಗೂ ಮಾತ್ರ ಓದಲಾಗುವಂತೆ ಸಂದೇಶಗಳಿಗೆ ಬೀಗ ಹಾಕಿತು. ಹಾಗಾಗಿ ರೂಟರ್‌ನ ದಾಖಲೆಯಲ್ಲಿ ಇಂಥ ಕಂಪ್ಯೂಟರಿನಿಂದ ಇಷ್ಟು ಗಂಟೆಗೆ ಯೂಟ್ಯೂಬ್ ತೆರೆಯಲಾಗಿದೆ, ಇಷ್ಟು ಡೇಟಾ ಹೋಗಿದೆ ಎಂದು ಕಾಣಬಹುದು. ಯಾವ ವಿಡಿಯೋ ಎಂದು ಕಾಣದು. ಬ್ಯಾಂಕಿನ ತಾಣ ತೆರೆದದ್ದು ಗೊತ್ತಾಗುತ್ತದೆ, ಖಾತೆಯ ಬಾಕಿ ಗೊತ್ತಾಗದು. ನೌಕರರು ಸ್ವಂತ ಮೊಬೈಲಿನಲ್ಲಿ ಸ್ವಂತ ಡೇಟಾ ಬಳಸಿದರೆ ರೂಟರ್‌ಗೆ ಅದರ ಸುಳಿವೇ ಇಲ್ಲ. ಹೊತ್ತು ಪೋಲಾಗುವುದೇ ಚಿಂತೆಯಾದರೆ ಕಂಪ್ಯೂಟರಿನ ಮೇಲೆ ಮಾತ್ರ ಕಣ್ಣಿಟ್ಟು ಹೆಚ್ಚಿನ ಪ್ರಯೋಜನವಿಲ್ಲ, ಮೇಜಿನಡಿಯ ಮೊಬೈಲು ಹೇಗೂ ಇದ್ದೇ ಇರುತ್ತದೆ.

ಇದಲ್ಲದೆ ಮನೆಬಳಕೆಯ ರೂಟರ್‌ಗಳ ನೆನಪು ಚಿಕ್ಕದು. ಕರೆಂಟು ಹೋದರೆ ಅನೇಕ ರೂಟರ್‌ಗಳ ದಾಖಲೆಯೂ ಹೋಗುತ್ತದೆ. ಮಳೆಗಾಲದಲ್ಲಿ ಈ ಕಡೆ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಆದರೆ ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು, ಸೈಬರ್ ದಾಳಿಯಂಥದ್ದು ಗಮನಕ್ಕೆ ಬಂದರೆ 6 ಗಂಟೆಯೊಳಗೆ ತಿಳಿಸಬೇಕು. ಆದೇಶದಲ್ಲಿರುವ 'ಬಾಡಿ ಕಾರ್ಪೊರೇಟ್' ಎಂಬ ಮಾತು ಕೇಳಿ ಇದು ದೊಡ್ಡ ಕಂಪೆನಿಗಳಿಗೆ ಎಂದುಕೊಳ್ಳುವವರಿದ್ದಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆ ಆ ಮಾತಿಗೆ ಕೊಟ್ಟ ಅರ್ಥದಲ್ಲಿ ಪಾಲುದಾರಿಕೆ ಸಂಸ್ಥೆಯೂ ಒಬ್ಬನೇ ಮಾಲೀಕನ ವ್ಯಾಪಾರವೂ ಸೇರಿವೆ.

ತೊಂದರೆ ಆರಂಭವಾಗುವುದು ರೂಟರ್ ಬಿಟ್ಟು ಕಂಪ್ಯೂಟರಿನೊಳಗೇ ಗುಪ್ತ ತಂತ್ರಾಂಶ ಹಾಕಿದಾಗ. ಒಂದು ಬಗೆಯದು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಬರೆದಿಡುತ್ತದೆ. ಇನ್ನೊಂದು ಬಗೆಯದು ಕೆಲವು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆದಿಡುತ್ತದೆ. ಇವುಗಳ ಮುಂದೆ ಎಚ್‌ಟಿಟಿಪಿಎಸ್ ಬೀಗ ನಿಷ್ಪ್ರಯೋಜಕ, ಏಕೆಂದರೆ ಪತ್ರ ಬರೆಯುವಾಗಲೇ ಹೆಗಲ ಮೇಲಿನಿಂದ ಇಣುಕಿದಂತೆ. ಊಟದ ಬಿಡುವಿನಲ್ಲಿ ನೌಕರಳೊಬ್ಬಳು ತನ್ನ ಬ್ಯಾಂಕಿನ ಪಾಸ್‌ವರ್ಡ್ ಒತ್ತಿದರೆ ಅದೂ ದಾಖಲಾಗುತ್ತದೆ. ಹಾಗೆ ಸಿಕ್ಕಿದ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷದ ವರೆಗೆ ಸೆರೆವಾಸವಿದೆ. ಕಂಪ್ಯೂಟರ್ ಯಜಮಾನನದ್ದೇ ಇರಬಹುದು, ಅವಳ ಖಾತೆ ಮಾತ್ರ ಅವನದ್ದಲ್ಲ.

ಯಜಮಾನರು ಸಾಮಾನ್ಯವಾಗಿ ಯೋಚಿಸದ ಇನ್ನೊಂದು ವಿಷಯವಿದೆ. ಅರ್ಜಿ ತುಂಬುವ ಕಚೇರಿಯಲ್ಲಿ ಪರದೆಯ ಮೇಲೆ ದಿನವಿಡೀ ಇರುವುದು ನೌಕರರ ಗುಟ್ಟಲ್ಲ, ಗಿರಾಕಿಗಳದ್ದು. ಪರದೆಯ ಚಿತ್ರ ತೆಗೆಯುವ ತಂತ್ರಾಂಶ ಆಧಾರ್ ಸಂಖ್ಯೆ, ಪಾಸ್‌ಬುಕ್ಕಿನ ಪುಟ, ಕೆಲವೊಮ್ಮೆ ಒಟಿಪಿಯನ್ನೂ ಸೇರಿಸಿ ಎಲ್ಲೋ ದೂರದ ಸರ್ವರಿಗೆ ಕಳುಹಿಸುತ್ತಿರಬಹುದು. ಅದನ್ನೂ ಹಣ ಕೊಟ್ಟು ಕೊಳ್ಳದೆ ಯಾವುದೋ ತಾಣದಿಂದ ಇಳಿಸಿದ ಕಳ್ಳ ಪ್ರತಿಯಾದರೆ ಕೇಳುವುದೇ ಬೇಡ. ಕಳ್ಳನನ್ನು ಹಿಡಿಯಲು ಇಟ್ಟ ಕಾವಲುಗಾರನೇ ಹಿಂಬಾಗಿಲು ತೆರೆದಿಟ್ಟಂತೆ. ಪೆನ್ಷನ್ ಅರ್ಜಿಗೆಂದು ಬಂದ ವೃದ್ಧೆಗೆ ಇದಾವುದೂ ತಿಳಿದಿರುವುದಿಲ್ಲ.

ಇಂಥ ನಿಗಾ ವಿಷಯದಲ್ಲಿ ಯುರೋಪಿನ ಒಂದು ಪ್ರಕರಣ ಪ್ರಸಿದ್ಧ. ರುಮೇನಿಯದ ಖಾಸಗಿ ಕಂಪೆನಿಯೊಂದರಲ್ಲಿ ಮಾರಾಟದ ಹೊಣೆ ಹೊತ್ತಿದ್ದ ಬರ್ಬುಲೆಸ್ಕು ಎಂಬವರು ಗಿರಾಕಿಗಳಿಗೆ ಉತ್ತರಿಸಲು ಕಂಪೆನಿ ಹೇಳಿದಂತೆ ಯಾಹೂ ಮೆಸೆಂಜರ್ ಖಾತೆ ತೆರೆದಿದ್ದರು. ಕಂಪೆನಿ 2007ರ ಜುಲೈಯಲ್ಲಿ ಕೆಲವು ದಿನ ಅವರ ಸಂದೇಶಗಳನ್ನು ದಾಖಲಿಸಿತು. ಕೆಲಸಕ್ಕೆ ಮಾತ್ರ ಬಳಸಿದ್ದೇನೆ ಎಂದು ಅವರು ಹೇಳಿದಾಗ, ಸಹೋದರನೊಡನೆ, ಮದುವೆ ನಿಶ್ಚಯವಾಗಿದ್ದ ಹುಡುಗಿಯೊಡನೆ ಆಡಿದ ಮಾತುಗಳೂ ಇದ್ದ 45 ಪುಟಗಳನ್ನು ಮುಂದಿಡಲಾಯಿತು. ಕೆಲಸವೂ ಹೋಯಿತು. ಸ್ವಂತ ಬಳಕೆ ಕೂಡದೆಂಬ ನಿಯಮ ಕಂಪೆನಿಯಲ್ಲಿ ಇತ್ತು, ಅದು ಅವರಿಗೆ ಗೊತ್ತೂ ಇತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಮೊದಲು ಕಂಪೆನಿಯ ಪರವಾಗುವಂತೆ ತೀರ್ಪಿತ್ತಿತು. ಅದರ ಹಿರಿಯ ಪೀಠ 2017ರ ಸೆಪ್ಟೆಂಬರ್ 5ರಂದು 11-6 ಬಹುಮತದಿಂದ ಅದನ್ನು ತಿರುಗಿಸಿತು. ನಿಗಾ ಇಡಲೇಬಾರದು ಎಂದು ಪೀಠ ಹೇಳಲಿಲ್ಲ. ನಿಗಾ ಇದೆ ಎಂದು, ಅದು ಸಂದೇಶದ ಒಳಗಿನ ಮಾತಿನ ತನಕ ಹೋಗುತ್ತದೆ ಎಂದು ಮುಂಚಿತವಾಗಿ ತಿಳಿಸಲಾಗಿತ್ತೇ, ಇದಕ್ಕಿಂತ ಕಡಿಮೆ ಇಣುಕುವ ದಾರಿ ಇರಲಿಲ್ಲವೇ ಎಂಬುದನ್ನು ಅಲ್ಲಿನ ನ್ಯಾಯಾಲಯಗಳು ಸರಿಯಾಗಿ ನೋಡಲಿಲ್ಲ ಎಂದಿತು.

ಈ ತೀರ್ಪು ಭಾರತಕ್ಕೆ ಅನ್ವಯಿಸುವುದಿಲ್ಲ. ಆದರೆ ಅದಕ್ಕಿಂತ 12 ದಿನ ಮುಂಚೆ, 2017ರ ಆಗಸ್ಟ್ 24ರಂದು, ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತ್ತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆ ಬಳಿಕ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳ ಜಾರಿಗೆ ಹದಿನೆಂಟು ತಿಂಗಳ ಅವಧಿ, ಅಂದರೆ 2027ರ ಮೇ ತನಕ, ನಿಗದಿಯಾಯಿತು. ಗಡಿನಾಡಿನವರು ಇದರಲ್ಲಿ ಎರಡು ಕಲಮು ಗಮನಿಸಬೇಕು. ಜನರ ಮಾಹಿತಿ ಬಳಸಲು ಒಪ್ಪಿಗೆ ಕೇಳುವವರು ಆ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಈ ಹಕ್ಕು ರಾಜ್ಯದ ಗಡಿಗೆ ಕಟ್ಟಿದ್ದಲ್ಲ, ಕಾಸರಗೋಡಿನಲ್ಲೂ ತಾಳವಾಡಿಯಲ್ಲೂ ಅಕ್ಕಲಕೋಟೆಯಲ್ಲೂ ಒಂದೇ. ಆದರೆ ಏಳನೇ ಕಲಮು ಇದಕ್ಕೆ ಒಂದು ಕಿಂಡಿ ಬಿಟ್ಟಿದೆ. ಉದ್ಯೋಗದ ಉದ್ದೇಶಕ್ಕೆ, ಇಲ್ಲವೇ ಉದ್ಯೋಗದಾತನಿಗೆ ನಷ್ಟವಾಗದಂತೆ ತಡೆಯಲು ನೌಕರರ ಮಾಹಿತಿ ಬಳಸುವುದಾದರೆ ಒಪ್ಪಿಗೆ ಬೇಕಿಲ್ಲ. ಒಪ್ಪಿಗೆಯೇ ಬೇಡವೆಂದ ಮೇಲೆ ಕನ್ನಡದಲ್ಲಿ ಕೇಳುವ ಪ್ರಶ್ನೆಯೂ ಏಳುವುದಿಲ್ಲ. ಕೆಲಸದವರ ದೃಷ್ಟಿಯಿಂದ ಇದು ಕಾಯ್ದೆಯ ದುರ್ಬಲ ಜಾಗ ಎನ್ನದೆ ವಿಧಿಯಿಲ್ಲ. ಇನ್ನು ಗಿರಾಕಿಗಳ ಆಧಾರ್ ಚಿತ್ರ ನಿಗಾ ತಂತ್ರಾಂಶದ ಮೂಲಕ ಸೋರಿದರೆ ಈ ಕಿಂಡಿಯಿಂದ ಯಜಮಾನ ಪಾರಾಗಲಾರ, ಗಿರಾಕಿಗಳು ಅವನ ನೌಕರರಲ್ಲವಷ್ಟೆ.

ಹಾಗಾದರೆ ಸಣ್ಣ ಕಚೇರಿಗೆ ಎಷ್ಟು ಸಾಕು? ಮೊದಲ ಕೆಲಸ ವೈಫೈ ಪಾಸ್‌ವರ್ಡ್ ಬದಲಿಸುವುದು. ಪಕ್ಕದ ಬೇಕರಿಯವರಿಗೂ ಕಾಯುತ್ತ ಕುಳಿತ ಗಿರಾಕಿಗಳಿಗೂ ಹೇಳಿ ಹೇಳಿ ಅದು ಪೇಟೆಗೆಲ್ಲ ಗೊತ್ತಿರುತ್ತದೆ, ಅನುಮಾನ ಮಾತ್ರ ಒಳಗಿರುವ ಹುಡುಗನ ಮೇಲೆ. ಹೊರಗಿನವರಿಗೆ ಕೊಡಲೇಬೇಕೆಂದರೆ ಹೆಚ್ಚಿನ ರೂಟರ್‌ಗಳಲ್ಲಿ ಅತಿಥಿಗಳ ವೈಫೈ ಬೇರೆಯೇ ಇಡಬಹುದು. ರೂಟರ್ ಜೊತೆಗೆ ಬಂದ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಬೇಕು. ಜೂಜು, ಅಶ್ಲೀಲ, ವಂಚನೆಯ ತಾಣಗಳನ್ನು ಎಲ್ಲರಿಗೂ ಒಟ್ಟಿಗೇ ಮುಚ್ಚಲು ಡಿಎನ್‌ಎಸ್ ಸೋಸುವ ಸೇವೆಗಳಿವೆ, ಓಪನ್‌ಡಿಎನ್‌ಎಸ್‌ನಂಥವು ಉಚಿತವಾಗಿಯೂ ಸಿಗುತ್ತವೆ. ಇದರಲ್ಲಿ ಯಾರ ಮಾತನ್ನೂ ಕದ್ದು ಓದುವುದಿಲ್ಲ, ಬಾಗಿಲು ಮುಚ್ಚಿರುತ್ತದೆ ಅಷ್ಟೆ. ಬ್ರೌಸರಿನಲ್ಲಿ 'ಸೆಕ್ಯೂರ್ ಡಿಎನ್‌ಎಸ್' ಎಂಬ ಆಯ್ಕೆ ಬೇರೆ ಸೇವೆಗೆ ಹೊಂದಿಸಿದ್ದರೆ ಈ ಸೋಸುವಿಕೆ ತಪ್ಪಿ ಹೋಗುತ್ತದೆ, ಅದನ್ನು ನೋಡಿಕೊಳ್ಳಬೇಕು. ಪ್ರತಿಯೊಬ್ಬರಿಗೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಲಾಗಿನ್ ಕೊಟ್ಟರೆ ಯಾವ ಕಡತ ಯಾರು ತೆರೆದರು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಯಾವ ದಾಖಲೆ ಇಡಲಾಗುತ್ತದೆ, ಅದನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇರುತ್ತದೆ ಎಂದು ಒಂದು ಹಾಳೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಬರೆದು ಗೋಡೆಗೆ ಅಂಟಿಸಿದರೆ ಖರ್ಚೇನೂ ಇಲ್ಲ. ಕೆಲಸಕ್ಕೆ ಸೇರುವ ದಿನ ಇಂಗ್ಲಿಷಿನ ಐದು ಪುಟದ ಕೆಳಗೆ ಸಹಿ ಹಾಕಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಕೆಲಸದವರು ಮಾಡಿಕೊಳ್ಳಬೇಕಾದ್ದೂ ಇದೆ. ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತ ಬ್ಯಾಂಕು, ಸ್ವಂತ ಮಿಂಚಂಚೆ ತೆರೆಯದಿರುವುದು ಒಳ್ಳೆಯದು. ಗಿರಾಕಿಗಳ ಕಾಗದ ತರಿಸಿಕೊಳ್ಳಲು ತಮ್ಮದೇ ವಾಟ್ಸಾಪನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸುವವರು ಬಹಳ ಮಂದಿ. ಸಂಜೆ ಅದು ತೆರೆದೇ ಉಳಿದರೆ ಮನೆಯ ಮಾತೆಲ್ಲ ಪರದೆಯ ಮೇಲಿರುತ್ತದೆ, ಅದಕ್ಕೆ ಯಾವ ಗುಪ್ತ ತಂತ್ರಾಂಶವೂ ಬೇಡ. ಮೊಬೈಲಿನ ವಾಟ್ಸಾಪಿನಲ್ಲಿ 'ಲಿಂಕ್ಡ್ ಡಿವೈಸಸ್' ಒತ್ತಿದರೆ ಎಲ್ಲೆಲ್ಲಿ ತೆರೆದಿದೆ ಎಂಬ ಪಟ್ಟಿ ಬರುತ್ತದೆ, ಬೇಡವಾದುದನ್ನು ಅಲ್ಲಿಂದಲೇ ತೆಗೆಯಬಹುದು. ಕೆಲಸ ಬಿಡುವ ದಿನವಂತೂ ಇದನ್ನು ಮರೆಯುವಂತಿಲ್ಲ. ಅದೇ ದಿನ ಯಜಮಾನ ಆ ವ್ಯಕ್ತಿಯ ಲಾಗಿನ್ ಮುಚ್ಚಿ, ವೈಫೈ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಬೇಕು.