ಗುಜರಿ ಜೀಪು ಮತ್ತೆ ರಸ್ತೆಗಿಳಿಯುವ ಬಗೆ

ಹಳೆಯ ಕಾರಿನ ಮೈಮೇಲಿನ ಭಾರ ಕಳಚಿ, ಎಂಜಿನ್ನಿಗೆ ಕಸುವು ತುಂಬಿ ಓಡಿಸುವ ಗಾಡಿಗೆ ಹಾಟ್ ರಾಡ್ ಎನ್ನುತ್ತಾರೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳ ಮಡ್‌ಗಾರ್ಡು ಕಿತ್ತು, ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ ಜನಸಾಮಾನ್ಯರ ಕಾರಿಗೂ ವಿ-8 ಎಂಜಿನ್ ಕೂರಿಸಿದ ಮೇಲೆ ಈ ಹುಚ್ಚು ಇನ್ನಷ್ಟು ಏರಿತು. ದುಡ್ಡಿದ್ದವರ ಶೋಕಿಯಾದದ್ದು ಆಮೇಲಿನ ಮಾತು.

ಮನ್ಮನೆ, ಸಿದ್ದಾಪುರ, ಶಿರಸಿ, ಯಲ್ಲಾಪುರದ ಅಡಿಕೆ ಸೀಮೆಯಲ್ಲಿ ಇದರ ಹತ್ತಿರದ ನೆಂಟ ಹಳೆಯ ಜೀಪು. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಿಂದ ಇಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ಮೈಯೆಲ್ಲ ಹೆಚ್ಚುಕಡಿಮೆ ಚಪ್ಪಟೆ ತಗಡು; ಅದನ್ನು ಹೊತ್ತಿರುವುದು ಏಣಿಯಂಥ ಚಾಸಿ. ಸ್ಪ್ಯಾನರ್, ಜಾಕ್, ವೆಲ್ಡಿಂಗ್ ಗೊತ್ತಿರುವವನೊಬ್ಬ ಇದ್ದರೆ ಅಂಗಳದಲ್ಲೇ ಬಿಚ್ಚಿ ಕಟ್ಟಬಹುದು.

ಆದರೆ ಮೊದಲು ನೋಡಬೇಕಾದದ್ದು ಆರ್‌ಸಿ, ಅಂದರೆ ನೋಂದಣಿ ಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪತ್ರದ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ತಪ್ಪಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಕಾಗದವಿಲ್ಲದ ಜೀಪು ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ದುಬಾರಿಯೇ. ಅಮೆರಿಕದ ಹುಡುಗರಂತೆ ಕಂಡಕಂಡ ಎಂಜಿನ್ ತಂದು ಕೂರಿಸುವ ಆಸೆ ಬಿಟ್ಟು, ಮೂಲ ಮಾದರಿಯನ್ನೇ ಗಟ್ಟಿಮಾಡುವುದು ಕಿಸೆಗೂ ಕಾನೂನಿಗೂ ಸರಿ.

ಕೆಲಸ ಚಾಸಿಯಿಂದ ಶುರುವಾಗಬೇಕು. ಮಲೆನಾಡಿನ ಮಳೆಯಲ್ಲಿ ನೆನೆದ ಜೀಪಿನ ತುಕ್ಕು ಹೊರಗೆ ಕಾಣುವುದಕ್ಕಿಂತ ಒಳಗೇ ಹೆಚ್ಚು. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ, ತಿಂದುಹೋದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಅಲ್ಲಿ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ವೆಲ್ಡಿಂಗ್ ಹಚ್ಚುವ ಮುನ್ನ ಬ್ಯಾಟರಿ ಕಳಚುವುದು ಎಲ್ಲರಿಗೂ ನೆನಪಿರುತ್ತದೆ. ಹಳೆಯ ಪೆಟ್ರೋಲ್ ಜೀಪಿನ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇರುವುದು ಮರೆತುಹೋಗುತ್ತದೆ. ಖಾಲಿ ಟ್ಯಾಂಕಿನ ಆವಿಯೂ ಸಿಡಿಯಬಲ್ಲದು. ಅದನ್ನು ಪೂರ್ತಿ ಬಿಚ್ಚಿ ದೂರ ಇಟ್ಟ ಮೇಲೆಯೇ ಕಿಡಿ ಹಾರಿಸಬೇಕು.

ದುಡ್ಡು ಸುರಿಯಬೇಕಾದದ್ದು ಬ್ರೇಕಿಗೆ. ಹಳೆಯ ಜೀಪಿನ ನಾಲ್ಕೂ ಡ್ರಮ್ ಬ್ರೇಕುಗಳಿಗೆ ಎಣ್ಣೆ ಹೋಗುವುದು ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ಸಾಲಿನಿಂದ. ಎಲ್ಲೋ ಒಂದು ಪೈಪು ಒಡೆದರೆ ನಾಲ್ಕು ಗಾಲಿಯ ಬ್ರೇಕೂ ಹೋಯಿತು. ಬ್ರೇಕ್ ಎಣ್ಣೆ ತೇವ ಹೀರುವುದರಿಂದ ಪೈಪು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಪೈಪು, ಹೋಸು, ರಬ್ಬರುಗಳನ್ನು ಗುಜರಿಯಿಂದ ತರುವುದು ಉಳಿತಾಯವಲ್ಲ. ಸೀಟು, ಬಂಪರ್, ಬಾಗಿಲಿನ ಚೌಕಟ್ಟು ಗುಜರಿಯದ್ದೇ ಸಾಕು.

ಎಂಜಿನ್ನಿಗೆ ರಿಂಗು, ಬೇರಿಂಗು, ಗ್ಯಾಸ್ಕೆಟ್ ಹೊಸದಾದರೆ ಸಾಮಾನ್ಯವಾಗಿ ಮತ್ತೆ ಕಸುವು ಬರುತ್ತದೆ. ಅದಕ್ಕಿಂತ ಹೆಚ್ಚಿನ ವೇಗ ಬಯಸುವುದು ವ್ಯರ್ಥ. ವಿಲ್ಲಿಸ್ ಸಿಜೆ-3ಬಿ ಮಾದರಿಯಲ್ಲಿ ಗಾಲಿ ಒಂದು ಸುತ್ತು ತಿರುಗಲು ಟಾಪ್ ಗೇರಿನಲ್ಲೂ ಎಂಜಿನ್ 5.38 ಸುತ್ತು ತಿರುಗಬೇಕು. ಗಂಟೆಗೆ 60 ಕಿ.ಮೀ. ವೇಗಕ್ಕೇ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು. ಈ ಲೆಕ್ಕ ಹಾಕಿರುವುದು ಹೊರೆ ಹೊತ್ತು ಘಟ್ಟ ಏರಲಿಕ್ಕೆ, ಹೆದ್ದಾರಿಯಲ್ಲಿ ಹಾರಲಿಕ್ಕಲ್ಲ.

ಬಣ್ಣ ಕಟ್ಟಕಡೆಗೆ. ಬಣ್ಣದಿಂದ ಶುರುಮಾಡಿದ ಜೀಪುಗಳೇ ಅರ್ಧಕ್ಕೆ ನಿಂತು ಕೋಳಿಗಳಿಗೆ ಗೂಡಾಗುವುದು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಉಜ್ಜಿ ಹಸಿ ಕಬ್ಬಿಣ ಕಂಡ ದಿನವೇ ಪ್ರೈಮರ್ ಬಳಿಯಬೇಕು. ಈ ಕೆಲಸಕ್ಕೆ ಒಣಹವೆ ಬೇಕಾದ್ದರಿಂದ ಬೇಸಿಗೆಯೇ ಸೂಕ್ತ.