ಕಮಿಟುಗಾದ ಕಲ್ಲು ಕುಟ್ಟುವ ಹೆಂಗಸರು

ಪೂರ್ವ ಕಾಂಗೋದ ದಕ್ಷಿಣ ಕಿವು ಪ್ರಾಂತ್ಯದಲ್ಲಿ ಕಮಿಟುಗಾ ಎಂಬ ಬಂಗಾರದ ಊರಿದೆ. ಅಲ್ಲಿ ಅದಿರು ಕುಟ್ಟಿ ಬದುಕುವ ಹೆಂಗಸರಿಗೆ ‘ಮಾಮಾ ತ್ವಾಂಗೇಜ್’ ಎನ್ನುತ್ತಾರೆ. ಕಬ್ಬಿಣದ ಒರಳು, ಕಬ್ಬಿಣದ ಒನಕೆ, ಮೂಗು ಬಾಯಿಗೆಲ್ಲ ನುಗ್ಗುವ ಕಲ್ಲಿನ ದೂಳು. ಬೆಳಗಿನಿಂದ ಸಂಜೆವರೆಗೆ ಕುಟ್ಟಿದರೂ ಕೂಲಿ ಹೊಟ್ಟೆಬಟ್ಟೆಗೆ ಸಾಲದು.

ಗುಂಡಿಗಿಳಿದು ಅಗೆಯುವವರು ಗಂಡಸರು. ಹೆಣ್ಣು ಕಾಲಿಟ್ಟರೆ ಬಂಗಾರ ಮಾಯವಾಗುತ್ತದೆಂಬ ನಂಬಿಕೆ ಆ ಸೀಮೆಯಲ್ಲಿ ಬೇರೂರಿದೆ. ಮುಟ್ಟಾದವಳ ಮಾತಂತೂ ಕೇಳುವುದೇ ಬೇಡ. ಹಾಗಾಗಿ ಅವಳ ಪಾಲಿಗೆ ಉಳಿಯುವುದು ಹೊರುವ, ಕುಟ್ಟುವ, ತೊಳೆಯುವ ಕೆಲಸ. ಅದಕ್ಕೂ ಕಲ್ಲು ಬೇಕಲ್ಲ? ಇವತ್ತು ಯಾರಿಗೆ ಕಲ್ಲಿನ ಮೂಟೆ, ಯಾರಿಗಿಲ್ಲ ಎಂದು ತೀರ್ಮಾನಿಸುವವರು ಗುಂಡಿಯ ಧಣಿ ಮತ್ತು ಅವನ ಕಡೆಯವರು. ಹಿಂಸೆ ಹುಟ್ಟುವುದು ಇಲ್ಲೇ. ಮೂಟೆ ಬೇಕಾದರೆ ಮೈ ಒಪ್ಪಿಸು ಎಂಬ ಒತ್ತಾಯ, ಒಪ್ಪದವಳಿಗೆ ಬೈಗುಳ, ಹೊಡೆತ, ಕೂಲಿಗೆ ಕತ್ತರಿ.

ಕಾಂಗೋ ಎಂದೊಡನೆ ಬಂದೂಕು ಹಿಡಿದ ಬಂಡುಕೋರರು ನೆನಪಾಗುತ್ತಾರೆ. ಅವರ ಅತ್ಯಾಚಾರಕ್ಕೆ ತುತ್ತಾದ ಸಾವಿರಾರು ಮಹಿಳೆಯರಿಗೆ ಬುಕಾವುವಿನ ಪಾಂಜಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡಿದ ಡಾ. ಡೆನಿ ಮುಕ್ವೆಗೆ ಅವರಿಗೆ 2018ರಲ್ಲಿ ನೊಬೆಲ್ ಶಾಂತಿ ಪುರಸ್ಕಾರವೂ ಸಂದಿತು. ಆದರೆ ಬಂದೂಕಿಲ್ಲದ ಗಣಿಯಲ್ಲೂ ಹೆಣ್ಣಿಗೆ ನೆಮ್ಮದಿಯಿಲ್ಲ. ಅಲ್ಲಿ ಮೈಮೇಲೆ ಬೀಳುವವನು ಹಲವು ಸಲ ದಿನವೂ ಕಲ್ಲು ಕೊಡುವವನೇ. ಅವನ ಮೇಲೆ ದೂರು ಕೊಟ್ಟರೆ ನಾಳೆಯ ಅನ್ನಕ್ಕೆ ಕಲ್ಲು ಬಿತ್ತು.

ಕಾನೂನು ಇಲ್ಲವೆಂದಲ್ಲ. ಲೈಂಗಿಕ ದೌರ್ಜನ್ಯದ ವಿರುದ್ಧ ಕಾಂಗೋ 2006ರಲ್ಲೇ ದಂಡಸಂಹಿತೆಯನ್ನು ಬಿಗಿಗೊಳಿಸಿತು. ಗಣಿ ನಿಯಮಗಳು ಹೆಂಗಸರ ಪೈಕಿ ಗರ್ಭಿಣಿಯರನ್ನಷ್ಟೇ ಹೊರಗಿಟ್ಟಿವೆ. ಅದನ್ನೇ ನೆಪಮಾಡಿಕೊಂಡು ಹೆಂಗಸರನ್ನೆಲ್ಲ ಗಣಿಯಿಂದ ಓಡಿಸುವುದುಂಟು. ಹೀಗೆ ಕದ್ದುಮುಚ್ಚಿ ದುಡಿಯಬೇಕಾದವಳು ಯಾವ ಧೈರ್ಯದಿಂದ ಠಾಣೆಯ ಮೆಟ್ಟಿಲು ಹತ್ತಿಯಾಳು?

ಇದು ಕಮಿಟುಗಾ ಒಂದರ ಸಂಕಟವಲ್ಲ. ವಿಶ್ವಬ್ಯಾಂಕಿನ 2020ರ ವರದಿಯ ಪ್ರಕಾರ, 80 ದೇಶಗಳಲ್ಲಿ ಸುಮಾರು 4.5 ಕೋಟಿ ಜನ ಸಣ್ಣ ಗಣಿಗಳಲ್ಲಿ ದುಡಿಯುತ್ತಾರೆ. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೆಂಗಸರು.

ದೌರ್ಜನ್ಯ ತಡೆಯಲು ಅರಿವಿನ ಶಿಬಿರಗಳು ನಡೆಯುತ್ತವೆ, ಬೇಕು ಕೂಡ. ಆದರೆ ಮೂಟೆ ಹಂಚುವ ಅಧಿಕಾರ ಒಬ್ಬನ ಕೈಯಲ್ಲೇ ಉಳಿದರೆ ಶಿಬಿರದಿಂದ ಮರಳಿದವಳು ಮತ್ತೆ ಅವನೆದುರೇ ನಿಲ್ಲಬೇಕು. ನೆರೆಯ ಟಾಂಜಾನಿಯಾದ ಮಹಿಳಾ ಗಣಿಗಾರರ ಸಂಘ ಹಿಡಿದ ದಾರಿ ಇದಕ್ಕಿಂತ ಗಟ್ಟಿಯಾದದ್ದು: 1997ರಲ್ಲಿ ಹುಟ್ಟಿದ ಅದು ಗಣಿಯ ಪರವಾನಗಿಯನ್ನು ಹೆಂಗಸರ ಹೆಸರಿಗೇ ಕೊಡಿಸಲು ದುಡಿಯುತ್ತಿದೆ. ಕಾಂಗೋದಲ್ಲೂ ಗಣಿ ಮಹಿಳೆಯರ ರಾಷ್ಟ್ರೀಯ ಜಾಲವೊಂದು ಅವರ ಹಕ್ಕುಗಳಿಗಾಗಿ ಹೋರಾಡುತ್ತಿದೆ.